ಪಿಸು ಆಂಟಿ ಹೇಳಿಕೊಡದ ಸಾಲು

ಹತ್ತೊಂಬತ್ತು ಬೇಸಿಗೆಗಳಿಂದ ಅವರ ಕೆಲಸ ಒಂದೇ: ಯಾರಿಗೂ ಕಾಣದ ಹಾಗೆ ಕೂರುವುದು. ಪುರಭವನದ ರಂಗದ ಎಡಪಕ್ಕ, ಮೊದಲ ಪರದೆಗೂ ಎರಡನೆಯ ಪರದೆಗೂ ನಡುವೆ, ಬೆನ್ನಿಲ್ಲದ ಒಂದು ಸ್ಟೂಲು. ತೊಡೆಯ ಮೇಲೆ ರಟ್ಟು, ರಟ್ಟಿಗೆ ಕ್ಲಿಪ್ಪು ಹಾಕಿದ ನಾಟಕದ ಪ್ರತಿ, ಕೈಯಲ್ಲಿ ನೀಲಿ ಕಾಗದ ಸುತ್ತಿದ ಟಾರ್ಚು. ಮಾತು ಮರೆತು ನಿಂತ ಮಕ್ಕಳಿಗೆ ಅಲ್ಲಿಂದ ಮಾತು ಎತ್ತಿಕೊಡಬೇಕು. ಬೇಸಿಗೆ ಶಿಬಿರದ ಮಕ್ಕಳು ಅವರನ್ನು ಪಿಸು ಆಂಟಿ ಎನ್ನುತ್ತಾರೆ. ಮೊದಲ ವರ್ಷ ಯಾವನೋ ತರಲೆ ಹುಡುಗ ಇಟ್ಟ ಹೆಸರು. ಆ ತರಲೆಗೆ ಈಗ ಮೂವತ್ತೈದು, ನೆತ್ತಿ ಬೋಳಾಗುತ್ತಿದೆ. ಹೆಸರು ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ.

ಆಂಟಿಗೆ ಅರವತ್ತಮೂರು. ಮನೆಯಲ್ಲಿ ಅವರು ಪಿಸುಗುಟ್ಟುವುದೇ ಇಲ್ಲ, ಕೂಗುತ್ತಾರೆ. ಗಂಡ ಮೂವತ್ತು ವರ್ಷ ಮುದ್ರಣಾಲಯದಲ್ಲಿ ದೊಡ್ಡ ಯಂತ್ರದ ಪಕ್ಕ ನಿಂತು ದುಡಿದವರು. ನಿವೃತ್ತಿಯ ದಿನ ಗಡಿಯಾರ ಕೊಟ್ಟು ಕಳಿಸಿದರು, ಕಿವಿಯನ್ನು ಅಲ್ಲೇ ಇಟ್ಟುಕೊಂಡರು ಎಂದು ಅವರೇ ನಗುತ್ತಾರೆ. ಯಂತ್ರದ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದೆ ಅಲ್ಲಿಯ ಕೆಲಸಗಾರರೆಲ್ಲ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಎದುರಿಗಿದ್ದವರ ಬಾಯಿ ನೋಡಿಕೊಂಡು ಹರಟೆ ಹೊಡೆಯುತ್ತಾರೆ. ಬೆನ್ನು ತಿರುಗಿಸಿದರೆ ಮುಗಿಯಿತು.

“ಊರಿನ ಮಕ್ಕಳಿಗೆಲ್ಲ ಬೆಣ್ಣೆಯಂಥ ದನಿ, ನಂಗೆ ಮಾತ್ರ ಸೈರನ್ನು,” ಎಂದು ಮನೆಗೆ ಬಂದವರ ಮುಂದೆ ದೂರುತ್ತಾರೆ.

“ಸೈರನ್ನೂ ಕೇಳಲ್ಲ ನಿಮ್ಗೆ, ಸುಮ್ನಿರಿ!” ಎಂದು ಆಂಟಿ ಅಡುಗೆಮನೆಯಿಂದಲೇ ಕೂಗುತ್ತಾರೆ.

“ಏನಂದೆ?”

ಆಂಟಿಯ ದನಿ ಪಳಗಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಇಪ್ಪತ್ತನೆಯ ವಯಸ್ಸಿಗೆ ಕಿವಿಗೆ ಹೆಡ್‌ಫೋನ್ ಏರಿಸಿದವರು ಇಪ್ಪತ್ತೆರಡು ವರ್ಷ ಊರಿನಿಂದ ಊರಿಗೆ ಕರೆ ಜೋಡಿಸಿದರು. ಒಂದೇ ಸಾಲಿನಲ್ಲಿ ಹನ್ನೆರಡು ಹೆಂಗಸರು, ಹನ್ನೆರಡು ಬಾಯಿ. ಒಬ್ಬಳ ಮಾತು ಪಕ್ಕದವಳ ಲೈನಿಗೆ ಹೋಗಬಾರದು. ಉಸಿರು ಬೆರೆಸದೆ, ಗಾಳಿಯ ಸದ್ದಿಲ್ಲದೆ, ಸಣ್ಣಗೆ, ಆದರೆ ಅಕ್ಷರ ಅಕ್ಷರವೂ ಮುಟ್ಟುವಂತೆ ಮಾತಾಡುವುದನ್ನು ಅವರು ಅಲ್ಲಿ ಕಲಿತರು. ಇನ್ನೊಂದನ್ನೂ ಕಲಿತರು. ಲೈನ್ ಸತ್ತಾಗ ಬರುವ ಮೌನ ಬೇರೆ. ಆ ಕಡೆ ಮನುಷ್ಯ ಇದ್ದೂ ಮಾತಾಡದ ಮೌನ ಬೇರೆ. ಮೊದಲನೆಯದಕ್ಕೆ ತಂತಿ ಕಿತ್ತು ಮತ್ತೆ ಸಿಕ್ಕಿಸಬೇಕು. ಎರಡನೆಯದಕ್ಕೆ ಕೈ ಹಚ್ಚಬಾರದು.

ಎಕ್ಸ್‌ಚೇಂಜಿಗೆ ಯಂತ್ರ ಬಂತು, ಹನ್ನೆರಡು ಹೆಂಗಸರೂ ಮನೆಗೆ ಹೋದರು. ಎರಡು ವರ್ಷದ ಮೇಲೆ ಒಂದು ಬೇಸಿಗೆಯಲ್ಲಿ ತಂಗಿಯ ಮಗಳು ಶಿಬಿರದ ನಾಟಕದಲ್ಲಿದ್ದಾಳೆಂದು ಆಂಟಿ ನೋಡಲು ಹೋಗಿದ್ದರು. ಹುಡುಗಿ ನಡುವೆ ಮಾತು ಮರೆತು ಕಲ್ಲಾಗಿ ನಿಂತಳು. ಮನೆಯಲ್ಲಿ ಇಪ್ಪತ್ತು ಸಲ ಕೇಳಿ ಬಾಯಿಪಾಠವಾಗಿದ್ದ ಸಾಲನ್ನು ಆಂಟಿ ಮೂರನೆಯ ಸಾಲಿನ ಕುರ್ಚಿಯಿಂದಲೇ ಎತ್ತಿಕೊಟ್ಟರು. ಹುಡುಗಿಗೆ ಕೇಳಿತು, ಪಕ್ಕದ ಕುರ್ಚಿಯವರಿಗೆ ಕೇಳಲಿಲ್ಲ. ಮರುವರ್ಷ ಯಾರೂ ಕರೆಯದಿದ್ದರೂ ಹೋಗಿ ಪರದೆಯ ಪಕ್ಕ ಸ್ಟೂಲು ಹಾಕಿಕೊಂಡರು. ಯಾರೂ ಏಳಿ ಎನ್ನಲಿಲ್ಲ.

ಮಾತು ಹೇಳಿಕೊಡುವುದರಲ್ಲೂ ಒಂದು ಪದ್ಧತಿಯಿದೆ. ಆಂಟಿ ಸಾಲಿನ ಮೊದಲ ಪದ ಕೊಡುವುದಿಲ್ಲ. ಅದು ಸಾಮಾನ್ಯವಾಗಿ ಮಕ್ಕಳ ನಾಲಗೆಯ ತುದಿಯಲ್ಲೇ ಇರುತ್ತದೆ. ಸಾಲಿನ ನಡುವಿನ ಗಟ್ಟಿ ಪದವೊಂದನ್ನು ಕೊಟ್ಟರೆ ಹಿಂದುಮುಂದಿನದು ತಾನಾಗಿ ಎದ್ದು ಬರುತ್ತದೆ. ಅದಕ್ಕೂ ಮುಂಚೆ ಇನ್ನೊಂದು ತಿಳಿದಿರಬೇಕು: ಮಗು ಮರೆತಿದೆಯೋ, ಬೇಕೆಂದೇ ನಿಂತಿದೆಯೋ. “ಮರೆತವರ ಕಣ್ಣು ನನ್ ಕಡೆ ಓಡಿ ಬರುತ್ತೆ,” ಎನ್ನುತ್ತಾರೆ ಆಂಟಿ. “ಬೇಕು ಅಂತ ನಿಂತೋರ ಕಣ್ಣು ಎದುರಿಗಿರೋರ ಮೇಲೇ ಇರುತ್ತೆ. ಅಲ್ಲಿ ನಾನು ಬಾಯಿ ಹಾಕಿದ್ರೆ ನಾಟಕ ಕೊಂದ ಹಾಗೆ.”

ಶಿಬಿರ ಆರು ವಾರದ್ದು. ಹದಿಮೂರರಿಂದ ಹದಿನೇಳು ವರ್ಷದ ಸುಮಾರು ನಲವತ್ತು ಮಕ್ಕಳು. ಬೆಳಿಗ್ಗೆ ಇತಿಹಾಸ, ಬರವಣಿಗೆ, ವಾದ ಮಾಡುವ ತರಗತಿ. ಊಟದ ಮೇಲೆ ನಾಟಕ, ಹಾಡು, ಕುಣಿತ. ಅಲ್ಲಿಯ ಕಟ್ಟಳೆ ಎಂದರೆ ಮಧ್ಯಾಹ್ನದ ನಾಟಕ ಬೆಳಗಿನ ಪಾಠದಿಂದಲೇ ಹುಟ್ಟಬೇಕು. ಮಕ್ಕಳು ನಗರಸಭೆಯ ದಾಖಲೆ ಕೋಣೆಗೆ ಹೋಗಿ, ಧೂಳಿಗೆ ಸೀನಿ, ಹಳೆಯ ಕಾಗದವೊಂದನ್ನು ಆರಿಸಿ ತರುತ್ತಾರೆ. ಆ ಕಾಗದವೇ ಆರು ವಾರದಲ್ಲಿ ನಾಟಕವಾಗುತ್ತದೆ. ಕೊನೆಯ ದಿನ ಸಂಜೆ ನಾಲ್ಕಕ್ಕೆ ಅಪ್ಪ ಅಮ್ಮಂದಿರ ಮುಂದೆ ಪ್ರದರ್ಶನ. ಆಂಟಿ ಬೆಳಗಿನ ತರಗತಿಗೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಇತಿಹಾಸದ ಮೇಲಿನ ಪ್ರೀತಿ ಎಂದು ಮೇಷ್ಟರು ತಿಳಿದಿದ್ದಾರೆ. ಮನೆಯಲ್ಲಿ ಗಂಡ ಟಿವಿ ಇಡುವ ಜೋರಿಗೆ ಪಾತ್ರೆಗಳು ನಡುಗುತ್ತವೆ ಎಂಬುದು ನಿಜವಾದ ಕಾರಣ.

ಈ ವರ್ಷದ ಕಾಗದವನ್ನು ಹುಡುಕಿ ತಂದವಳು ಕನ್ನಡಕದ ಅಂಗಡಿಯವರ ಮಗಳು, ಹದಿನೈದರ ಹುಡುಗಿ. ತೊಂಬತ್ತು ವರ್ಷದ ಹಿಂದೆ ಬಟ್ಟೆ ಒಗೆಯುವ ಹೆಂಗಸರ ಕಟ್ಟೆಗೆ ಬರುವ ನೀರನ್ನು ನಿಲ್ಲಿಸಿದ್ದರ ಬಗ್ಗೆ ನಡೆದ ವಿಚಾರಣೆಯ ಕಡತ. ಸಭೆಯ ಸದಸ್ಯರು ಆಡಿದ್ದು ಏಳು ಪುಟ. ಹೆಂಗಸರ ಪರವಾಗಿ ಬಂದಿದ್ದವಳ ಬಗ್ಗೆ ಗುಮಾಸ್ತ ಬರೆದಿದ್ದದ್ದು ಒಂದೇ ಸಾಲು: ‘ಕೇಳಿದ ಪ್ರಶ್ನೆಗೆ ಆಕೆಯಿಂದ ಉತ್ತರ ಬರಲಿಲ್ಲ.’

“ಇದ್ರಿಂದ ಏನು ಗೊತ್ತಾಗುತ್ತೆ?” ಎಂದು ಇತಿಹಾಸದ ಮೇಷ್ಟರು ಕೇಳಿದರು.

“ಹೆದರ್ಕೊಂಡ್ಬಿಟ್ಟಿದ್ಲು ಸಾರ್,” ಎಂದ ಹಿಂದಿನ ಬೆಂಚಿನ ಉದ್ದನೆಯ ಹುಡುಗ. ಅವನಿಗೆ ಎಲ್ಲರೂ ಜಿರಾಫೆ ಎನ್ನುತ್ತಾರೆ.

ಕನ್ನಡಕದಂಗಡಿಯ ಹುಡುಗಿ ಕೈ ಎತ್ತಿದಳು. ತರಗತಿ ತುಸು ಮಿಸುಕಾಡಿತು. ಈ ಹುಡುಗಿಗೆ ಮಾತಿನ ನಡುವೆ ಗಂಟಲು ಕಟ್ಟುತ್ತದೆ. ತೊದಲುವುದಲ್ಲ, ಒಂದು ಪದಕ್ಕೂ ಮುಂದಿನ ಪದಕ್ಕೂ ನಡುವೆ ದನಿ ಪೂರ್ತಿ ನಿಂತುಹೋಗುತ್ತದೆ. ಮೂರು ಸೆಕೆಂಡು, ಕೆಲವೊಮ್ಮೆ ಹತ್ತು. ಆ ಹೊತ್ತಿಗೆ ಎದುರಿಗಿದ್ದವರು ತಡೆಯಲಾರದೆ ತಾವೇ ಮಾತು ಮುಗಿಸಿಬಿಡುತ್ತಾರೆ. ಹುಟ್ಟಿದಾಗಿನಿಂದ ಅವಳು ಹೇಳಬೇಕೆಂದದ್ದರಲ್ಲಿ ಅರ್ಧವನ್ನು ಬೇರೆಯವರೇ ಹೇಳಿ ಮುಗಿಸಿದ್ದಾರೆ, ಅದರಲ್ಲೂ ಅರ್ಧ ತಪ್ಪು.

“ಗುಮಾಸ್ತ...” ಎಂದಳು. ಕಾದರು. “ಎಷ್ಟು ಹೊತ್ತು... ಕಾದ ಅಂತ...” ಜಿರಾಫೆ ಬಾಯಿ ತೆರೆದ, ಮೇಷ್ಟರು ಕಣ್ಣಲ್ಲೇ ಗದರಿಸಿದರು. “...ಬರ್ದಿಲ್ಲ.”

ಆಮೇಲೆ ಜಿರಾಫೆಯೇ, “ಹೌದಲ್ಲ ಸಾರ್, ಒಂದ್ ನಿಮಿಷಾನೂ ಕಾದಿರಲ್ಲ ಅವ್ನು, ಊಟಕ್ಕೆ ಎದ್ದಿರ್ತಾನೆ,” ಎಂದ. ನಾಟಕ ಅಲ್ಲಿಯೇ ತೀರ್ಮಾನವಾಯಿತು. ಆ ಹೆಂಗಸಿನ ಪಾತ್ರವೂ ತೀರ್ಮಾನವಾಯಿತು. ಬರೆಯದೆ ಬಿಟ್ಟ ಉತ್ತರವನ್ನು ಹುಡುಗಿ ತಾನೇ ಬರೆದಳು: ಒಂಬತ್ತು ವಾಕ್ಯ.

ಆಂಟಿ ಅವಳೊಂದಿಗೆ ಅಭ್ಯಾಸಕ್ಕೆ ಕೂತರು. ಹೀಗೆ ಹೇಳು, ಹಾಗೆ ಉಸಿರೆಳೆ ಎಂದು ಒಂದು ಮಾತೂ ಆಡಲಿಲ್ಲ. ದನಿ ನಿಲ್ಲುವ ಜಾಗದಲ್ಲೆಲ್ಲ ಪ್ರತಿಯಲ್ಲಿ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದುಕೊಂಡರು, ಪ್ರದರ್ಶನದ ದಿನ ತಾವು ಗಾಬರಿಯಾಗಿ ಬಾಯಿ ಹಾಕಬಾರದೆಂದು. ಗೆರೆಗಳು ದಿನದಿನಕ್ಕೂ ಜಾಗ ಬದಲಿಸಿದವು. ಒಂದು ದಿನ ಒಂಬತ್ತು ವಾಕ್ಯಕ್ಕೆ ಮೂರೂಮುಕ್ಕಾಲು ನಿಮಿಷ, ಇನ್ನೊಂದು ದಿನ ಐದು.

“ಜನ... ಎದ್ದು ಹೋದ್ರೆ?” ಎಂದು ಹುಡುಗಿ ಕೇಳಿದಳು.

“ಹೋಗ್ಲಿ ಬಿಡು. ಬಾಗಿಲು ಒಂದೇ ಇರೋದು, ನೂಕಾಡ್ಕೊಂಡು ಹೋಗೋ ಹೊತ್ತಿಗೆ ನಿಂದು ಮುಗಿದಿರುತ್ತೆ.”

ಹುಡುಗಿ ನಕ್ಕಳು. ನಗುವಾಗ ಅವಳಿಗೆ ಎಲ್ಲೂ ತಡೆಯಿಲ್ಲ.

ನಾಲ್ಕನೆಯ ವಾರ ಸಂಯೋಜಕರು ಎಲ್ಲರನ್ನೂ ಕರೆದು ಕೂರಿಸಿದರು. ಅವರು ಈ ವರ್ಷ ಹೊಸಬರು. ಮೂವತ್ತೆರಡು ವಯಸ್ಸು, ಮೊದಲು ಸಮಾರಂಭಗಳನ್ನು ನಡೆಸಿಕೊಡುವ ಕಂಪನಿಯೊಂದರಲ್ಲಿದ್ದವರು. ಕೆಟ್ಟ ಮನುಷ್ಯ ಅಲ್ಲ. ಯಾವ ಮಗುವಿಗೆ ಯಾವ ಔಷಧಿ ಆಗಿಬರುವುದಿಲ್ಲ ಎಂಬುದು ನಲವತ್ತು ಮಕ್ಕಳದ್ದೂ ಅವರಿಗೆ ಬಾಯಿಪಾಠ. ಹೋದ ವರ್ಷದ ದೂರುಗಳ ಪಟ್ಟಿ ಅವರ ಕೈಯಲ್ಲಿತ್ತು. ಪುರಭವನದಲ್ಲಿ ಹದಿನೆಂಟು ಸೀಲಿಂಗ್ ಫ್ಯಾನುಗಳಿವೆ, ಎಲ್ಲವೂ ಮುದಿಯಾಗಿ ಗೊರಗೊರ ಎನ್ನುತ್ತವೆ. ಹಾಕಿದರೆ ಮಕ್ಕಳ ಮಾತು ಎರಡನೆಯ ಸಾಲು ದಾಟುವುದಿಲ್ಲ, ಆರಿಸಿದರೆ ಜನ ಬೆಂದುಹೋಗುತ್ತಾರೆ. ಹೋದ ವರ್ಷದ ವಿಡಿಯೊದಲ್ಲಿ ಫ್ಯಾನಿನ ಸದ್ದೇ ನಾಯಕ. ಎಷ್ಟೋ ಮಕ್ಕಳು ಆ ವಿಡಿಯೊವನ್ನು ಕಾಲೇಜಿನ ಅರ್ಜಿಯ ಜತೆ ಕಳಿಸಬೇಕಾಗಿತ್ತು. ಅದಕ್ಕೇ ಈ ಸಲ ಎಲ್ಲ ಮಾತನ್ನೂ ಸ್ಟುಡಿಯೋದಲ್ಲಿ ಮೊದಲೇ ರೆಕಾರ್ಡ್ ಮಾಡಿ ಸ್ಪೀಕರಿನಲ್ಲಿ ಹಾಕುವುದು. ಮಕ್ಕಳು ರಂಗದ ಮೇಲೆ ತುಟಿ ಆಡಿಸಿದರೆ ಸಾಕು.

“ಆಂಟಿ, ಈ ಸಲ ನಿಮ್ಗೆ ರೆಸ್ಟು,” ಎಂದರು ನಗುತ್ತಾ.

“ರೆಸ್ಟ್ ಕೇಳಿದ್ಯಾರು?”

“ಮಾತು ಮರೆಯೋ ಪ್ರಶ್ನೇನೇ ಇಲ್ವಲ್ಲ. ಎಲ್ಲ ಟ್ರ್ಯಾಕಲ್ಲೇ ಇರುತ್ತೆ.”

“ಮರೆಯೋಕೇ ಬಿಡಲ್ಲ ಅಂದ್ಮೇಲೆ ನಾಟಕ ಯಾಕೆ? ಸಾಲಾಗಿ ನಿಲ್ಸಿ ಫೋಟೋ ಹೊಡ್ಸಿ ಕಳ್ಸಿ.”

“ಅಪ್ಪ ಅಮ್ಮಂದಿರಿಗೆ ಮಕ್ಕಳ ದನಿ ಕೇಳ್ಬೇಕಲ್ವಾ ಆಂಟಿ?”

“ಅದನ್ನೇ ನಾನೂ ಹೇಳ್ತಿರೋದು.”

ಮಕ್ಕಳು ಸ್ಟುಡಿಯೋಗೆ ಹೋಗಿ ಬಂದರು. ಒಂದು ವಾರದ ಮೇಲೆ ಟ್ರ್ಯಾಕ್ ಹಾಕಿಕೊಂಡು ಮೊದಲ ಅಭ್ಯಾಸ. ಹುಡುಗಿಯ ಸರದಿ ಬಂತು. ಸ್ಪೀಕರಿನಿಂದ ಅವಳ ದನಿ ನಲ್ಲಿಯ ನೀರಿನ ಹಾಗೆ ಒಂದೇ ಸಮನೆ ಸುರಿಯಿತು. ಸ್ಟುಡಿಯೋದವನು ಮೌನಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ ಎಸೆದು, ಪದಗಳನ್ನು ಎಳೆದು ಅಂಟಿಸಿದ್ದ. ನಾಲ್ಕು ನಿಮಿಷದ ಉತ್ತರ ಒಂದು ನಿಮಿಷ ಹತ್ತು ಸೆಕೆಂಡಿಗೆ ಮುಗಿದಿತ್ತು. ಹುಡುಗಿ ಸ್ಪೀಕರಿನ ಕಡೆಗೇ ನೋಡುತ್ತ ನಿಂತಳು.

“ಇದು... ಯಾರು?” ಎಂದಳು.

ಅವಳ ಅಪ್ಪ ಅಂದು ಅಂಗಡಿಗೆ ಬೀಗ ಹಾಕಿ ಅಭ್ಯಾಸ ನೋಡಲು ಬಂದಿದ್ದರು. ಹಿಂದೆ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದರು. ಆಂಟಿಯನ್ನು ಹೊರಗಿನ ಮೆಟ್ಟಿಲ ಬಳಿ ಹಿಡಿದು ನಿಲ್ಲಿಸಿದರು.

“ಹದಿನೈದು ವರ್ಷಕ್ಕೆ ಮೊದಲ್ನೇ ಸಲ ಮೇಡಂ, ನನ್ ಮಗಳು ನಿಲ್ದೇ ಮಾತಾಡಿದ್ದು ಕೇಳ್ದೆ.”

“ಅದು ನಿಮ್ ಮಗಳಲ್ಲ. ಕತ್ತರಿ.”

“ಹಂಗನ್ಬೇಡಿ. ಕಣ್ಣು ಮಂಜಾದ್ರೆ ಕನ್ನಡಕ ಹಾಕಲ್ವಾ? ಇದೂ ಹಂಗೇ ಅನ್ಕೊಳ್ಳಿ.”

“ಕನ್ನಡಕ ಹಾಕಿದ್ರೆ ನೋಡೋಳು ಅವಳೇ ತಾನೆ? ಇಲ್ಲಿ ಮಾತಾಡೋಳು ಅವಳಲ್ವಲ್ಲ.”

ಅಪ್ಪ ಜೇಬಿನಿಂದ ಸ್ಕೂಟರಿನ ಕೀಲಿ ತೆಗೆದರು. ಆದರೂ ಬಿಡಲಿಲ್ಲ. “ನಗೋದು ನಿಮ್ಮನ್ನ ನೋಡಿ ಅಲ್ಲ ಮೇಡಂ, ಅವಳನ್ನ. ಅಂಗಡಿಗೆ ಬರೋರು ಅವಳು ಒಂದ್ ಮಾತು ಮುಗಿಸೋದ್ರೊಳಗೆ ಮೊಬೈಲ್ ತೆಗೀತಾರೆ. ನಾನು ದಿನಾ ನೋಡ್ತೀನಿ.” ಇಷ್ಟು ಹೇಳಿ ಸ್ಕೂಟರಿನ ಕಡೆ ನಡೆದರು. ಆಂಟಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಹಗುರಾಗುತ್ತಿತ್ತು.

ಸಂಯೋಜಕರು ಆಂಟಿಗೆ ಹೊಸ ಕೆಲಸ ಹುಡುಕಿಕೊಟ್ಟರು. ಕಿವಿಗೆ ಹೆಡ್‌ಸೆಟ್ಟು, ಅದರಲ್ಲಿ ಸಂಯೋಜಕರ ಆಜ್ಞೆ. ಯಾವ ಮಗುವಾದರೂ ತುಟಿ ಆಡಿಸಲು ಮರೆತರೆ ಎಚ್ಚರಿಸಬೇಕು.

“ಅಂದ್ರೆ ತುಟಿ ಹೇಳ್ಕೊಡೋ ಕೆಲ್ಸ,” ಎಂದು ಆಂಟಿ ಮನೆಯಲ್ಲಿ ಗಂಡನಿಗೆ ಹೇಳಿದರು. ಅನ್ನ ಬಡಿಸುತ್ತ, ಮುಖ ಅವರ ಕಡೆ ತಿರುಗಿಸಿಕೊಂಡೇ ಹೇಳಿದರು. “ಆ ಮಗೂಗೆ ಒಂದ್ ಮಾತು ಹೇಳ್ಬಿಡ್ಲಾ? ಬಾಯಿ ಆಡಿಸ್ಬೇಡ, ನಿಂದನ್ನ ನೀನೇ ಹೇಳು ಅಂತ?”

ಗಂಡ ತುತ್ತು ಅಗಿಯುತ್ತ ಯೋಚಿಸಿದರು. “ಹೇಳು. ಹೇಳಿದ್ರೆ ಅವಳ ಬಾಯಿಗೆ ಮಾತು ಹಾಕೋರಲ್ಲಿ ನೀನೂ ಒಬ್ಬಳು.”

ಆ ಮಾತು ನಾಟಿತು. ಮಾತು ಎತ್ತಿಕೊಡುವುದನ್ನೇ ಕಸುಬು ಮಾಡಿಕೊಂಡವರಿಗೆ ಇದೊಂದನ್ನು ಎತ್ತಿಕೊಡದೆ ಇರುವುದು ಎಷ್ಟು ಕಷ್ಟ ಎಂದು ಮುಂದಿನ ಐದು ದಿನ ಗೊತ್ತಾಯಿತು. ಹುಡುಗಿ ಎದುರು ಬಂದಾಗಲೆಲ್ಲ ನಾಲಗೆ ಕಚ್ಚಿಕೊಂಡರು. ಒಮ್ಮೆ ಮಾತ್ರ ತಡೆಯಲಾರದೆ, “ಏನ್ ಮಾಡ್ತೀಯೇ?” ಎಂದರು. ಹುಡುಗಿ ಭುಜ ಕುಣಿಸಿದಳು. ತುಟಿ ಆಡಿಸುವ ಅಭ್ಯಾಸಕ್ಕೆ ತಪ್ಪದೆ ಬಂದಳು, ಹೇಳಿದ ಹಾಗೆ ಆಡಿಸಿದಳು. ಆಂಟಿ ಪ್ರತಿಯಲ್ಲಿದ್ದ ಪೆನ್ಸಿಲ್ ಗೆರೆಗಳನ್ನು ಅಳಿಸಲಿಲ್ಲ. ಅಷ್ಟೇ ಅವರ ಕೈಯಲ್ಲಿದ್ದದ್ದು.

ಕೊನೆಯ ದಿನ ನಾಲ್ಕು ಗಂಟೆಗೆ ಪುರಭವನ ತುಂಬಿತ್ತು. ಹದಿನೆಂಟು ಫ್ಯಾನೂ ಗೊರಗುಟ್ಟುತ್ತಿದ್ದವು. ಎರಡನೆಯ ಸಾಲಿನ ತುದಿಯಲ್ಲಿ ಆಂಟಿಯ ಗಂಡ. ನಾಟಕ ಎಣ್ಣೆ ಹಾಕಿದ ಯಂತ್ರದ ಹಾಗೆ ಜಾರುತ್ತ ಹೋಯಿತು. ಮಾತು ಸ್ಪೀಕರಿನಿಂದ ಸ್ಪಷ್ಟ, ತುಟಿಗಳು ಸರಿಯಾಗಿ. ಪರದೆಯ ಪಕ್ಕ ಆಂಟಿ ಮಾಡಲು ಕೆಲಸವಿಲ್ಲದೆ ಟಾರ್ಚನ್ನು ಹತ್ತಿಸಿ ಆರಿಸಿ ಕೂತಿದ್ದರು.

ವಿಚಾರಣೆಯ ದೃಶ್ಯ ಬಂತು. ಅಧ್ಯಕ್ಷನ ಕುರ್ಚಿಯಲ್ಲಿ ಜಿರಾಫೆ. “ನಿಮ್ಮ ಕಡೆಯಿಂದ ಹೇಳೋದು ಏನಾದ್ರೂ ಇದೆಯಾ?” ಎಂದಿತು ಅವನ ಟ್ರ್ಯಾಕು. ಹುಡುಗಿ ಮೂರು ಹೆಜ್ಜೆ ಮುಂದೆ ಬಂದಳು. ಸ್ಪೀಕರಿನಲ್ಲಿ ಅವಳ ನಯವಾದ ದನಿ ಶುರುವಾಯಿತು.

ಹುಡುಗಿ ಬಾಯಿ ಬಿಡಲಿಲ್ಲ. ತುಟಿಗಳನ್ನು ಒತ್ತಿ ಮುಚ್ಚಿಕೊಂಡಿದ್ದಳು, ಲಕೋಟೆ ಅಂಟಿಸಿದ ಹಾಗೆ.

“ಆಂಟಿ, ಲಿಪ್ಸ್!” ಹೆಡ್‌ಸೆಟ್ಟಿನಲ್ಲಿ ಸಂಯೋಜಕರ ದನಿ. “ಲಿಪ್ಸ್ ಅನ್ನಿ ಅವಳಿಗೆ, ಮರ್ತಿದಾಳೆ!”

ಆಂಟಿ ಹುಡುಗಿಯ ಕಣ್ಣು ನೋಡಿದರು. ಅದು ಪರದೆಯ ಕಡೆ ತಿರುಗಲಿಲ್ಲ. ಅಧ್ಯಕ್ಷನ ಮುಖದ ಮೇಲೆ ಮೊಳೆ ಹೊಡೆದ ಹಾಗೆ ನಿಂತಿತ್ತು.

“ಮರ್ತಿಲ್ಲ,” ಎಂದರು ಆಂಟಿ.

“ಮತ್ತೇನು?”

“ಬೇಡ ಅಂತಿದಾಳೆ.”

ಹೆಡ್‌ಸೆಟ್ಟನ್ನು ತೆಗೆದು ಗೋಡೆಯ ಮೊಳೆಗೆ ನೇತುಹಾಕಿದರು. ಅದು ಅಲ್ಲೇ ತೂಗಾಡುತ್ತ ಇನ್ನೂ ಏನೇನೋ ಗುಯ್‌ಗುಟ್ಟುತ್ತಿತ್ತು. ಅಷ್ಟರಲ್ಲಿ ಎರಡನೆಯ ಸಾಲಿನಿಂದ, ತನ್ನ ದನಿ ಎಷ್ಟು ಜೋರೆಂದು ತನಗೇ ಗೊತ್ತಿಲ್ಲದ ಮನುಷ್ಯನ ಕೂಗು ಎದ್ದಿತು: “ಆ ಹುಡುಗಿ ಬಾಯೇ ಬಿಡ್ತಿಲ್ವಲ್ರೀ! ಮಾತಾಡ್ತಿರೋದು ಯಾರು ಮತ್ತೆ?”

ಒಂದಷ್ಟು ಜನ ನಕ್ಕರು. ಆಮೇಲೆ ಎಲ್ಲರೂ ಅವಳ ಬಾಯಿಯನ್ನೇ ನೋಡತೊಡಗಿದರು. ನಯವಾದ ದನಿ ತನ್ನ ಪಾಡಿಗೆ ತಾನು ಒಂಬತ್ತು ವಾಕ್ಯ ಮುಗಿಸಿತು. ಟ್ರ್ಯಾಕಿನಲ್ಲಿ ಮುಂದಿನ ಮಾತು ಅಧ್ಯಕ್ಷನದು. ಅದು ಮೊಳಗಿದಾಗ ಜಿರಾಫೆಯೂ ತುಟಿ ಅಲ್ಲಾಡಿಸಲಿಲ್ಲ. ಅಷ್ಟೇ ಅಲ್ಲ, ತನ್ನ ಉದ್ದನೆಯ ಕೈ ಚಾಚಿ, ಪಕ್ಕದಲ್ಲಿ ಗುಮಾಸ್ತನಾಗಿ ಕೂತವನ ಪೆನ್ನು ಕಿತ್ತುಕೊಂಡ. ಇದು ಅಭ್ಯಾಸದಲ್ಲಿ ಇರಲಿಲ್ಲ. ಸೌಂಡ್ ಮೇಜಿನ ಬಳಿ ಸಂಯೋಜಕರು ಗಾಬರಿಯಲ್ಲಿ ಟ್ರ್ಯಾಕ್ ನಿಲ್ಲಿಸಿದರು.

ಆಗ ಹುಡುಗಿ ಬಾಯಿ ತೆರೆದಳು.

ಏನೂ ಕೇಳಿಸಲಿಲ್ಲ. ಫ್ಯಾನುಗಳ ಸದ್ದು ಅವಳ ಮೊದಲ ಪದವನ್ನು ನುಂಗಿತು, ಎರಡನೆಯದನ್ನೂ ನುಂಗಿತು. ಹಿಂದಿನ ಸಾಲಿನವರು ಕತ್ತು ಚಾಚಿದರು. ಸ್ವಿಚ್ಚುಗಳಿದ್ದದ್ದು ಸಭಾಂಗಣದ ಬಲಗೋಡೆಗೆ, ಸೌಂಡ್ ಮೇಜಿನ ಪಕ್ಕ. ಆಂಟಿ ಇದ್ದದ್ದು ರಂಗದ ಎಡಕ್ಕೆ. ಸುತ್ತಿ ಹೋಗಲು ಹಿಂದಿನ ಓಣಿಯಿತ್ತು, ಅದಕ್ಕೆ ಹೊತ್ತು ಹಿಡಿಯುತ್ತಿತ್ತು. ಹತ್ತೊಂಬತ್ತು ವರ್ಷ ಕಾಣದೆ ಕೂತಿದ್ದವರು ಪರದೆ ಸರಿಸಿ ಬೆಳಕಿಗೆ ಬಂದರು. ಕುತ್ತಿಗೆಯಲ್ಲಿ ದಾರಕ್ಕೆ ತೂಗುವ ಕನ್ನಡಕ, ಕಾಲಲ್ಲಿ ರಬ್ಬರ್ ಚಪ್ಪಲಿ. ರಂಗದ ಮುಂಭಾಗದಲ್ಲಿ ಎಡದಿಂದ ಬಲಕ್ಕೆ ಚಟಪಟ ಸದ್ದು ಮಾಡುತ್ತ ಎಲ್ಲರ ಕಣ್ಣೆದುರು ನಡೆದು, ಮೆಟ್ಟಿಲಿಳಿದು, ಸ್ವಿಚ್ಚುಗಳಿಗೆ ಕೈ ಹಚ್ಚಿದರು.

“ಆಂಟಿ, ಏನ್ಮಾಡ್ತಿದೀರಾ! ಜನ ಬೆಂದುಹೋಗ್ತಾರೆ!”

“ನಾಲ್ಕ್ ನಿಮಿಷ ಬೇಯ್ಲಿ.”

ಟಪ್, ಟಪ್, ಟಪ್. ಹದಿನೆಂಟು ಸಲ. ಫ್ಯಾನುಗಳು ನರಳುತ್ತ ನಿಂತವು. ಪುರಭವನ ಅಷ್ಟು ನಿಶ್ಶಬ್ದವಾಗಿದ್ದನ್ನು ಅಲ್ಲಿದ್ದ ಯಾರೂ ಕೇಳಿರಲಿಲ್ಲ.

ಹುಡುಗಿ ಮತ್ತೆ ಮೊದಲಿನಿಂದ ಶುರು ಮಾಡಿದಳು. “ನೀವು ಹಾಕ್ಕೊಂಡಿರೋ... ಅಂಗಿಯ ಕಾಲರು... ನಾನು ತಿಕ್ಕಿದ್ದು.” ದನಿ ಸಣ್ಣದು, ಆದರೆ ಕೊನೆಯ ಸಾಲಿಗೂ ಮುಟ್ಟುತ್ತಿತ್ತು. “ನೀರು ನಿಲ್ಸಿದ ಮೇಲೆ... ಅದು ಕಪ್ಪಾಗಿದೆ.” ಒಂದು ನಿಲುಗಡೆ ಹದಿಮೂರು ಸೆಕೆಂಡಿಗೆ ಹೋಯಿತು. ಯಾರದೋ ಮಗು ಅತ್ತಿತು, ತಾಯಿ ಎತ್ತಿಕೊಂಡು ಹೊರಗೆ ಹೋದಳು. ಮಿಕ್ಕವರು ಬೆವರುತ್ತ ಕೂತರು. ನಡುವಿನ ಸಾಲಿನಲ್ಲಿ ಅವಳ ಅಪ್ಪನ ತುಟಿ ಅವಳ ಮುಂದಿನ ಪದಕ್ಕೆ ಆಗಲೇ ಸಿದ್ಧವಾಗಿ ಅಲುಗುತ್ತಿದ್ದುದನ್ನು ಗೋಡೆಯ ಬಳಿ ನಿಂತ ಆಂಟಿ ಕಂಡರು. ಅಪ್ಪ ಆ ಪದವನ್ನು ನುಂಗಿಕೊಂಡರು. “ನೀವು ಕೇಳಿದ್ದು... ಒಂದೇ ಪ್ರಶ್ನೆ. ಉತ್ತರ... ಬರೋಕೆ ಹೊತ್ತಾಗುತ್ತೆ. ಅಲ್ಲೀವರೆಗೆ... ಪೆನ್ನು ಕೆಳಗಿಡಿ.”

ಅದು ಒಂಬತ್ತನೆಯದು. ನಾಲ್ಕು ನಿಮಿಷ ನಲವತ್ತು ಸೆಕೆಂಡು. ಚಪ್ಪಾಳೆ ತಕ್ಷಣ ಬರಲಿಲ್ಲ. ಅವಳು ಮುಗಿಸಿದಳೋ, ಇದೂ ಒಂದು ನಿಲುಗಡೆಯೋ ಎಂದು ಜನಕ್ಕೆ ಗೊತ್ತಾಗಲಿಲ್ಲ. ಹುಡುಗಿ ತಾನೇ ತಲೆಯಾಡಿಸಿ, ಆಯ್ತು ಎಂದು ಸನ್ನೆ ಮಾಡಿದ ಮೇಲೆ ತಟ್ಟಿದರು.

ನಾಟಕ ಮುಗಿದ ಮೇಲೆ ಅಪ್ಪ ಆಂಟಿಯನ್ನು ಮಾತಾಡಿಸದೆ ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟರು. ಸಂಯೋಜಕರು ಮೂರನೆಯ ದಿನ ಬೆಳಿಗ್ಗೆ ಲ್ಯಾಪ್‌ಟಾಪು ಹಿಡಿದು ಮನೆಗೇ ಬಂದರು.

“ಕಮಿಟಿಯೋರು ವರದಿ ಕೇಳ್ತಿದಾರೆ ಆಂಟಿ. ಫ್ಯಾನ್ ಆರ್ಸಿದ್ಯಾರು ಅಂತ. ಏನ್ ಬರೀಲಿ?”

“ನಾನೇ ಅಂತ ಬರೀರಿ. ಹದಿನೆಂಟೂ ನಾನೇ.”

“ಮುಂದಿನ ವರ್ಷ ನಿಮ್ಮನ್ನ ಕರೀದೇ ಇರಬಹ್ದು.”

“ಮೊದಲ್ನೇ ವರ್ಷಾನೂ ಯಾರೂ ಕರ್ದಿರ್ಲಿಲ್ಲಪ್ಪ. ಬಂದು ಕೂತೆ. ಬರೋ ವರ್ಷಾನೂ ಬರ್ತೀನಿ. ತಡೀಬೇಕು ಅಂದ್ರೆ ಬಾಗಿಲಲ್ಲಿ ಜನ ನಿಲ್ಸಿ.”

ಸಂಯೋಜಕರು ನಿಟ್ಟುಸಿರು ಬಿಟ್ಟು ಲ್ಯಾಪ್‌ಟಾಪ್ ತೆರೆದರು. ಅವರು ಬಂದದ್ದು ಜಗಳಕ್ಕಲ್ಲ, ವಿಡಿಯೊಗಾಗಿ. ಫ್ಯಾನಿನ ಸದ್ದು ಬೇಡವೆಂದು ಕ್ಯಾಮೆರಾಕ್ಕೆ ಶಬ್ದವನ್ನು ನೇರವಾಗಿ ಸೌಂಡ್ ಮೇಜಿನಿಂದಲೇ ಕೊಟ್ಟಿದ್ದರು. ಹಾಗಾಗಿ ಹುಡುಗಿ ತುಟಿ ಬಿಗಿದು ನಿಂತ ಎಪ್ಪತ್ತು ಸೆಕೆಂಡು ದನಿ ಸುರಿಯುತ್ತದೆ. ಅವಳು ಬಾಯಿ ತೆರೆದು ಮಾತಾಡುವ ನಾಲ್ಕು ನಿಮಿಷ ನಲವತ್ತು ಸೆಕೆಂಡು ಒಂದು ಚೂರೂ ಸದ್ದಿಲ್ಲ. ಆಂಟಿ ಎರಡು ಸಲ ಹಾಕಿಸಿಕೊಂಡು ನೋಡಿದರು. ಗಂಡ ಹಿಂದೆ ನಿಂತು ಇಣುಕಿದರು.

“ಏನಾಗಿದೆ ಇದಕ್ಕೆ?” ಎಂದರು. “ಎಲ್ಲ ಸರಿಯಾಗೇ ಇದ್ಯಲ್ಲ, ಚೆನ್ನಾಗ್ ಮಾತಾಡಿದಾಳೆ.”

ಸಂಯೋಜಕರು ನಗಬೇಕೋ ಅಳಬೇಕೋ ತಿಳಿಯದೆ ಹಣೆ ಉಜ್ಜಿಕೊಂಡರು. “ಆಂಟಿ, ಅವಳ ಒಳ್ಳೇದಕ್ಕೇ ಹೇಳ್ತಿದೀನಿ. ಎರಡು ವರ್ಷಕ್ಕೆ ಕಾಲೇಜಿಗೆ ಅರ್ಜಿ ಹಾಕ್ತಾಳೆ. ಇದನ್ನ ಹೇಗೆ ಕಳ್ಸೋದು? ನಾಳೆ ಹತ್ತು ಗಂಟೆಗೆ ಹಾಲ್ ಖಾಲಿ ಇದೆ. ಬಂದು ಎಪ್ಪತ್ ಸೆಕೆಂಡು ತುಟಿ ಆಡ್ಸಿ ಹೋದ್ರೆ ಸಾಕು, ನಾವು ಸೇರಿಸ್ಕೋತೀವಿ. ಅವರಪ್ಪ ಒಪ್ಪಿದಾರೆ. ನೀವೊಂದ್ ಮಾತು ಹೇಳಿದ್ರೆ ಅವಳೂ ಕೇಳ್ತಾಳೆ.”

“ಕೇಳ್ತಾಳೆ. ಅದಕ್ಕೇ ನಾನು ಹೇಳಲ್ಲ. ನೀವೇ ಅವಳನ್ನ ಕೇಳಿ.”

ಸಂಯೋಜಕರು ಅಲ್ಲಿಂದಲೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಅಪ್ಪ ಎತ್ತಿ ಮಗಳಿಗೆ ಕೊಟ್ಟರು. ಸಂಯೋಜಕರು ವಿಷಯವನ್ನೆಲ್ಲ ಚೆನ್ನಾಗಿ, ಮೆತ್ತಗೆ ಹೇಳಿದರು. ಆ ಕಡೆ ಸದ್ದಿಲ್ಲ.

“ಬರ್ತೀಯಲ್ವಾ ಪುಟ್ಟಾ? ಹತ್ತ್ ಗಂಟೆಗೆ? ಸರಿ ಹಾಗಾದ್ರೆ, ನಾನು...”

ಆಂಟಿ ಅವರ ಕೈಯಿಂದ ಫೋನನ್ನು ತೆಗೆದು ಮೇಜಿನ ಮೇಲಿಟ್ಟರು. ಸುಮ್ಮನಿರಿ ಎಂದು ಅಂಗೈ ತೋರಿಸಿದರು. ಮೂವರೂ ಆ ಫೋನನ್ನೇ ನೋಡುತ್ತ ನಿಂತರು. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

“ಇಲ್ಲ... ಸಾರ್,” ಎಂದಿತು ಫೋನು.

ಸಂಯೋಜಕರು ಕರೆ ಮುಗಿಸಲು ಬೆರಳು ಚಾಚಿದರು.

“ಇಡ್ಬೇಡಿ,” ಎಂದರು ಆಂಟಿ. “ಇನ್ನೂ ಇದೆ.”

ಇತ್ತು. ಅದು ಬರಲು ಹೊತ್ತು ಹಿಡಿಯಿತು. “ಖಾಲಿ ಹಾಲಿಗೆ... ಬರಲ್ಲ. ಜನಾನ... ಕರೀರಿ. ಆಗ... ಬರ್ತೀನಿ. ನಂದೇ ಮಾತು... ನಾನೇ ಹೇಳ್ತೀನಿ. ಅದನ್ನ... ರೆಕಾರ್ಡ್ ಮಾಡ್ಕೊಳ್ಳಿ.”

ಅದರ ಹಿಂದೆಯೇ ಅಪ್ಪನ ದನಿ ಏನೋ ಹೇಳಲು ಶುರುವಾಗಿ, ಅರ್ಧಕ್ಕೇ ನಿಂತಿತು.

ಸಂಯೋಜಕರು ಲ್ಯಾಪ್‌ಟಾಪ್ ಮುಚ್ಚಿದರು. ಕುರ್ಚಿ ಎಳೆದುಕೊಂಡು ಕೂತರು. ಜೇಬಿನಿಂದ ಪೆನ್ನು ತೆಗೆದರು.

“ಎಷ್ಟು ಜನಾನಮ್ಮ?” ಎಂದು ಕೇಳಿದರು.

ಆರು ಸೆಕೆಂಡು. ಏಳು.

“ಅವತ್ತು... ಬಂದಿದ್ದೋರನ್ನೆಲ್ಲ.”